ಪ್ಲಂಕಿಟ್ ದರ್ಶನ: ಗಿಂಬಳ ಮೀಮಾಂಸೆಗೊಂದು ಪ್ರವೇಶಿಕೆ

ಶಾಸ್ತ್ರಕ್ಕೆ ಪೀಠ ಬೇಕು. ಪ್ಲಂಕಿಟ್ ದರ್ಶನದ ಪೀಠ ನ್ಯೂಯಾರ್ಕ್ ಕೌಂಟಿ ನ್ಯಾಯಾಲಯದ ಬೂಟ್ ಪಾಲಿಶ್ ಕಟ್ಟೆ. ಆಚಾರ್ಯ ಜಾರ್ಜ್ ವಾಷಿಂಗ್ಟನ್ ಪ್ಲಂಕಿಟ್ಟರು (1842–1924) ಅದನ್ನೇರಿ ರಾಜಕೀಯ ರಹಸ್ಯಗಳನ್ನು ಉಪದೇಶಿಸುವರು, ಪತ್ರಕರ್ತ ವಿಲಿಯಂ ರಿಯೋರ್ಡನ್ ಬರೆದುಕೊಳ್ಳುವರು. 1905ರಲ್ಲಿ ಅದು ಗ್ರಂಥವಾಯಿತು. ಪುಸ್ತಕ ಓದಿದವನಿಗೆ ರಾಜಕೀಯ ಒಲಿಯದು ಎಂಬುದು ಈ ಪುಸ್ತಕದ್ದೇ ಒಂದು ಸಿದ್ಧಾಂತ. ಇದನ್ನು ಓದಿದ ನಮ್ಮಂಥವರಿಗೆ ಅಧಿಕಾರ ದಕ್ಕದೇ ಹೋದದ್ದಕ್ಕೆ ಕೊನೆಗೂ ಶಾಸ್ತ್ರಾಧಾರ ಸಿಕ್ಕಿತು.

ಪೂರ್ವಾಶ್ರಮದಲ್ಲಿ ಆಚಾರ್ಯರದು ಮಾಂಸದಂಗಡಿ. ಡೆಮಾಕ್ರಟಿಕ್ ಪಕ್ಷದ ಟ್ಯಾಮನಿ ಹಾಲ್ ಎಂಬ ಮಠಕ್ಕೆ ಅವರು ಕಾಣಿಕೆಯಾಗಿ ಒಯ್ದದ್ದು ರಾಜಕೀಯದ ಗೊಡವೆಯೇ ಇಲ್ಲದ ಒಬ್ಬ ಸೋದರಸಂಬಂಧಿಯ ಓಟು. ಒಂದು ಮೂರಾಗಿ, ಮೂರು ಅರವತ್ತಾದ ಮೇಲೆ ಮಠವೇ ಎದ್ದು ಬಂದು ಕೈಕುಲುಕಿತು. ಮುಂದೆ ಅಸೆಂಬ್ಲಿ ಸದಸ್ಯ, ನಗರಸಭಾ ಸದಸ್ಯ, ಕೌಂಟಿ ಮೇಲ್ವಿಚಾರಕ, ಪೊಲೀಸ್ ಮ್ಯಾಜಿಸ್ಟ್ರೇಟ್, ರಾಜ್ಯ ಸೆನೆಟರ್. ಒಂದೇ ವರ್ಷದಲ್ಲಿ ನಾಲ್ಕು ಹುದ್ದೆ, ಏಕಕಾಲಕ್ಕೆ ಮೂರು ಸಂಬಳ ಎಂಬುದು ಅವರೇ ಹೇಳಿಕೊಂಡ ಹೆಮ್ಮೆ. ದೇಹ ಒಂದು, ಸಂಬಳ ಮೂರು: ಇದು ದ್ವೈತವೋ ಅದ್ವೈತವೋ ಎಂಬ ಜಗಳ ಬಲ್ಲವರಿಗಿರಲಿ. ನಾಲ್ಕನೆಯ ಸಂಬಳ ಏಕೆ ಕೈತಪ್ಪಿತು ಎಂಬುದರ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು.

ದರ್ಶನದ ತಿರುಳು ಗಿಂಬಳದ ವಿಂಗಡಣೆ. ಜೂಜುಕೋರರಿಂದ, ಹೆಂಡದಂಗಡಿಗಳಿಂದ ವಸೂಲಿ ಮಾಡುವುದು, ಖಜಾನೆಗೇ ಕೈಹಾಕುವುದು ಅಪ್ರಾಮಾಣಿಕ ಗಿಂಬಳ, ಅದು ನಿಷಿದ್ಧ. ಪಾರ್ಕು ಎಲ್ಲಿ ಬರುತ್ತದೆಂದು ಮೊದಲೇ ತಿಳಿದು, ಅಲ್ಲಿನ ನೆಲವನ್ನು ಅಗ್ಗಕ್ಕೆ ಕೊಂಡು, ಆಮೇಲೆ ದುಬಾರಿಗೆ ಮಾರುವುದು ಪ್ರಾಮಾಣಿಕ ಗಿಂಬಳ; ಅದು ವಿಹಿತ. ಪೂರ್ವಪಕ್ಷಿ ಕೇಳುತ್ತಾನೆ: ಮೊದಲೇ ತಿಳಿಯುವುದು ಹೇಗೆ? ಸಮಾಧಾನ: ಊರಾಚೆಯ ಪಾರ್ಕುಗಳು, ಹಾರ್ಲೆಂ ನದಿಯ ಸ್ಪೀಡ್‌ವೇ, ವಾಷಿಂಗ್ಟನ್ ಸೇತುವೆ ಇವುಗಳ ಮಸೂದೆಗಳಿಗೆ ಆಚಾರ್ಯರೇ ಪಿತೃಗಳು. ಪಾರ್ಕಿನ ಜಾಡು ಪಾರ್ಕಿನ ತಂದೆಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು? 1904ರಲ್ಲಿ ಲಿಂಕನ್ ಸ್ಟೆಫೆನ್ಸ್ ಅಮೆರಿಕದ ನಗರಗಳ ಭ್ರಷ್ಟಾಚಾರವನ್ನು ಬಯಲಿಗೆಳೆದು ಪುಸ್ತಕ ತಂದಾಗ ಆಚಾರ್ಯರಿಗೆ ಸಿಟ್ಟೇನೂ ಬರಲಿಲ್ಲ. ಪಾಪ, ಎರಡು ಗಿಂಬಳಗಳ ಭೇದ ತಿಳಿಯದವನು ಎಂದು ಮರುಗಿದರು.

ಪ್ರಯೋಗಕಾಂಡದಲ್ಲಿ ಕಲ್ಲಿನ ಪ್ರಸಂಗ ಪ್ರಸಿದ್ಧ. ಬೀದಿಗೆ ಹಾಸಿದ್ದ 2,50,000 ಹಳೆಯ ಗ್ರಾನೈಟ್ ಕಲ್ಲುಗಳನ್ನು ನಗರ ಹರಾಜಿಗಿಟ್ಟಿತು. ಪೈಪೋಟಿಗೆ ಬಂದವರನ್ನು ಆಚಾರ್ಯರು ಒಬ್ಬೊಬ್ಬರನ್ನಾಗಿ ಪಕ್ಕಕ್ಕೆ ಕರೆದು, ನಿಮಗೆಷ್ಟು ಬೇಕು ಎಂದು ವಿಚಾರಿಸಿದರು. ಒಬ್ಬನಿಗೆ 20,000, ಇನ್ನೊಬ್ಬನಿಗೆ 15,000, ಮತ್ತೊಬ್ಬನಿಗೆ 10,000. ಬಿಟ್ಟಿಯಾಗಿ ಕೊಡುತ್ತೇನೆ, ಬಾಯಿ ಮುಚ್ಚಿಕೊಂಡಿರಿ ಎಂಬ ಒಪ್ಪಂದವಾಯಿತು. ಆಚಾರ್ಯರು ಎರಡೂವರೆ ಡಾಲರ್ ಕೂಗಿದರು. ಹರಾಜುಗಾರ ತಮಾಷೆ ಎಂದುಕೊಂಡ. ಸವಾಲು ಏರಲೇ ಇಲ್ಲ. ಗಣಿತಜ್ಞರ ಅನುಕೂಲಕ್ಕೆ: ಸೆಂಟಿಗೆ ಸಾವಿರ ಕಲ್ಲು. ಹಂಚಿದ ಮೇಲೂ ಆಚಾರ್ಯರಿಗೆ ಉಳಿದದ್ದು 2,05,000. ಕೊಟ್ಟ ಮಾತಿನಂತೆ ಎಲ್ಲರಿಗೂ ಪಾಲು ಮುಟ್ಟಿಸಿದ್ದರಿಂದ ವ್ಯವಹಾರ ಪ್ರಾಮಾಣಿಕವೆಂದು ಸಿದ್ಧವಾಯಿತು. ನಗರ ಈ ಚರ್ಚೆಯಲ್ಲಿ ಕಕ್ಷಿದಾರನಲ್ಲ.

ಆಹ್ನಿಕ ಪ್ರಕರಣಕ್ಕೆ ಬಂದರೆ ಮಾತ್ರ ನಗಲು ಹೊರಟವನ ಬಾಯಿ ಕಟ್ಟುತ್ತದೆ. ರಿಯೋರ್ಡನ್ ದಾಖಲಿಸಿದ ಒಂದು ದಿನ: ರಾತ್ರಿ ಎರಡಕ್ಕೆ ಬಾಗಿಲ ಗಂಟೆ, ಠಾಣೆಯಲ್ಲಿದ್ದ ಬಾರಿನವನಿಗೆ ಜಾಮೀನು. ಆರಕ್ಕೆ ಬೆಂಕಿ ಗಾಡಿಯ ಸದ್ದು. ಮನೆ ಸುಟ್ಟವರಿಗೆ ಬಟ್ಟೆ, ವಸತಿ. ಬೆಳಿಗ್ಗೆ ಕೋರ್ಟಿನಲ್ಲಿ ಕುಡುಕರ ಬಿಡುಗಡೆ, ಹೊರಹಾಕಿಸಿಕೊಳ್ಳಲಿದ್ದ ಬಡ ಸಂಸಾರಕ್ಕೆ ಬಾಡಿಗೆ. ಆಮೇಲೆ ನಾಲ್ವರಿಗೆ ಕೆಲಸ. ಮಧ್ಯಾಹ್ನ ಇಟಾಲಿಯನ್ನರೊಬ್ಬರ ಶವಸಂಸ್ಕಾರ, ಬೆನ್ನಿಗೇ ಯಹೂದ್ಯರದು. ರಾತ್ರಿ ಯಹೂದ್ಯರ ಮದುವೆ. ಮನೆ ಸುಟ್ಟವರು ಯಾವ ಪಕ್ಷದವರೆಂದು ಆಚಾರ್ಯರು ಕೇಳುತ್ತಿರಲಿಲ್ಲ. ದಾನಸಂಸ್ಥೆಗಳು ವಿಚಾರಣೆ ಮುಗಿಸುವಷ್ಟರಲ್ಲಿ ಹೊಟ್ಟೆ ಕಾಯುವುದಿಲ್ಲ ಎಂಬುದು ಅವರ ವಾದ. ಸುಧಾರಕರ ಬಳಿ ಇದಕ್ಕೆ ಉತ್ತರವಿತ್ತೆಂದು ನನಗೆ ತೋರುವುದಿಲ್ಲ. ಓಟಿನ ವೇಳೆ ಆಚಾರ್ಯರ ಬಡಾವಣೆಯ ಜನಕ್ಕೂ ಅದೇ ಅನುಮಾನವಿದ್ದಿರಬೇಕು.

ಆದರೂ 1904ರಲ್ಲಿ ಸೆನೆಟ್ ಸ್ಥಾನ ಹೋಯಿತು. ಗ್ರಂಥ ಅಚ್ಚಾದ 1905ರಲ್ಲೇ ಅವರ ಕೈಯಲ್ಲಿದ್ದ ಬಡಾವಣೆಯ ನಾಯಕತ್ವವನ್ನು ಥಾಮಸ್ ಮೆಕ್‌ಮ್ಯಾನಸ್ ಕಿತ್ತುಕೊಂಡರು. ಇದರಿಂದ ದರ್ಶನ ಖಂಡಿತವಾಯಿತು ಎನ್ನುವವರು ಒಂದು ವಿವರವನ್ನು ಗಮನಿಸಬೇಕು. ಮೆಕ್‌ಮ್ಯಾನಸ್ ಕೂಡ ಟ್ಯಾಮನಿಯವರೇ.