ಫೋನಿನ ಆ ಕಡೆ ಒಬ್ಬ ಮನುಷ್ಯನನ್ನು ಕೂರಿಸಿ

ಗ್ರಾಹಕ ಸೇವೆಯನ್ನು ಯಂತ್ರದ ಕೈಗೆ ಒಪ್ಪಿಸಿರುವ ಸಮಸ್ತ ಕಂಪನಿಗಳ ಆಡಳಿತ ಮಂಡಳಿಯವರ ಸನ್ನಿಧಾನಕ್ಕೆ,

ಹುಬ್ಬಳ್ಳಿಯ ಉಣಕಲ್ಲಿನಿಂದ ಒಬ್ಬ ಗ್ರಾಹಕನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳೋಣವೆಂದರೆ ತಮ್ಮಲ್ಲಿ ಯಾರೂ ಫೋನಿಗೆ ಸಿಗುವುದಿಲ್ಲವಾದ್ದರಿಂದ ಈ ಪತ್ರ.

ಮೊದಲು ತಮ್ಮ ಉಪಕಾರ ನೆನೆಯಬೇಕು. ರಾತ್ರಿ ಹನ್ನೊಂದು ಗಂಟೆಗೂ ಬಾಕಿ ಎಷ್ಟೆಂದು ತಿಳಿಯಬಹುದು, ಮನೆಯಲ್ಲೇ ಕುಳಿತು ರಸೀದಿ ತರಿಸಿಕೊಳ್ಳಬಹುದು. ಇಷ್ಟಕ್ಕೇ ಹಿಂದೆ ಅರ್ಧ ದಿನದ ದುಡಿಮೆ ಬಿಟ್ಟು ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ದಿನಗೂಲಿಯವನಿಗೆ ಈ ಅನುಕೂಲ ಸಣ್ಣದಲ್ಲ. ಎಲ್ಲ ಸರಿಯಿದ್ದಾಗ ತಮ್ಮ ಯಂತ್ರದಷ್ಟು ವಿಧೇಯ ಸೇವಕ ಬೇರೆ ಇಲ್ಲ.

ಲೆಕ್ಕ ತಪ್ಪಿದ ದಿನದ್ದೇ ನಮ್ಮ ಅಳಲು. ನಮ್ಮ ಓಣಿಯ ಕಾಕಾ ಒಬ್ಬರು ಸಾಲ ಮಾಡಿ ಟಂಟಂ ಗಾಡಿ ಕೊಂಡು ಸಂತೆಗೆ ತರಕಾರಿ ಹೊಡೆಯುತ್ತಾರೆ. ಒಂದು ತಿಂಗಳು ಅವರ ಖಾತೆಯಿಂದ ಕಂತು ಎರಡು ಸಲ ಹೋಯಿತು. ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಇಂಪಾದ ದನಿಯೊಂದು ಸ್ವಾಗತಿಸಿತು. "ನಂದು ರೊಕ್ಕ ಎರಡ ಸಲ ಕಟ್ ಆಗೇತ್ರಿ, ಒಂದ ಸಲದ್ದು ಹೊಳ್ಳಿ ಹಾಕ್ರಿ" ಎಂದರು ಕಾಕಾ. ದನಿ ಕ್ಷಮೆ ಕೇಳಿ, ಮತ್ತೊಮ್ಮೆ ಹೇಳಿ ಎಂದಿತು. "ಹಂಗಲ್ಲ ತಂಗಿ, ನಾ ಹೇಳೂದು ಸ್ವಲ್ಪ ಕೇಳ" ಎಂದು ಅವರು ಮನೆಮಗಳಿಗೆ ತಿಳಿಹೇಳುವಂತೆ ಮೊದಲಿನಿಂದ ಹೇಳತೊಡಗಿದರು. ತಂಗಿ ಮುಂದಿನ ಕಂತಿನ ದಿನಾಂಕ ಓದಿತು. ಸಂಜೆಗೆ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದಗಳು.

ಧನ್ಯವಾದ ನಾವು ಹೇಳಬೇಕಿತ್ತು, ತಾವೇ ಹೇಳಿದಿರಿ. ಕಾಕಾ ಶಾಖೆಗೆ ಹೋದರು. ಅಲ್ಲಿದ್ದ ಹುಡುಗ ಕುರ್ಚಿ ಕೊಟ್ಟ, ನೀರು ಕೊಟ್ಟ, ಕೊನೆಗೆ "ನಮ್ಮ ಕೈಯಾಗ ಏನೂ ಇಲ್ರಿ ಕಾಕಾ, ಎಲ್ಲಾ ಸಿಸ್ಟಮ್ ಮಾಡ್ತೈತಿ" ಎಂದ. ನನ್ನ ಹೊಟ್ಟೆ ಉರಿದದ್ದು ಈ ಮಾತಿಗೆ. ಮನುಷ್ಯ ಎದುರಿಗಿದ್ದಾನೆ, ತಪ್ಪು ಅವನ ಕಣ್ಣಿಗೂ ಕಾಣುತ್ತಿದೆ, ತಿದ್ದುವ ಅಧಿಕಾರವನ್ನು ಮಾತ್ರ ತಾವು ಅವನಿಂದ ಕಿತ್ತುಕೊಂಡಿದ್ದೀರಿ.

ತಮ್ಮ ಯಂತ್ರ ಕನ್ನಡ ಮಾತಾಡುತ್ತದೆ, ಅದಕ್ಕೂ ಕೃತಜ್ಞರು. ಆ ಕನ್ನಡ ಬಂದದ್ದು ಜನರ ಬಾಯಿಂದ. ಚಾಮರಾಜನಗರ ಜಿಲ್ಲೆಯ ಚಿಲಕವಾಡಿಯಂಥ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿ ಧ್ವನಿಮುದ್ರಿಸುವುದನ್ನು 2023ರಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತ್ತು. ಅವರಿಗೆ ಕೆಲಸ ಕೊಟ್ಟ ಬೆಂಗಳೂರಿನ 'ಕಾರ್ಯ' ಸಂಸ್ಥೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ 'ರೆಸ್ಪಿನ್' ಯೋಜನೆ ಕನ್ನಡವೂ ಸೇರಿ 9 ಭಾಷೆಗಳಲ್ಲಿ, ಒಳನುಡಿಗಳ ಸಮೇತ, ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಸಂಗ್ರಹಿಸಿದೆ. ಹಣಕಾಸಿನ ಮಾತು ಎಂದರೆ ನಮ್ಮ ಕಾಕಾ ಆಡಿದಂಥ ಮಾತೇ. ನಮ್ಮ ಸೀಮೆಯ ಮಾತು ತಿಳಿಯದ ಯಂತ್ರವನ್ನು ನಮ್ಮ ಸೀಮೆಯ ಗ್ರಾಹಕರ ಮುಂದೆ ಕೂರಿಸುವ ಮೊದಲು, ಉಣಕಲ್ ಕೆರೆಯ ದಂಡೆಗೆ ಬಂದು ನಾಲ್ಕು ಜನರೊಡನೆ ಮಾತಾಡಿಸಿ ನೋಡಬಹುದಿತ್ತು. ಚಹಾ ನಾವೇ ಕುಡಿಸುತ್ತಿದ್ದೆವು.

ತಮ್ಮ ಉಳಿತಾಯದ ಸಾಹಸವೂ ನಮಗೆ ಗೊತ್ತು. ಬೆಂಗಳೂರಿನ ದುಕಾನ್ ಕಂಪನಿಯ ಮುಖ್ಯಸ್ಥರು 2023ರ ಜುಲೈನಲ್ಲಿ, ಗ್ರಾಹಕ ಸೇವೆಯ ಸಿಬ್ಬಂದಿಯಲ್ಲಿ ಶೇಕಡಾ 90ರಷ್ಟು ಜನರ ಜಾಗಕ್ಕೆ ಚಾಟ್‌ಬಾಟ್ ತಂದೆವೆಂದು ಬಹಿರಂಗವಾಗಿ ಹೇಳಿಕೊಂಡರು. ಪರಿಹಾರಕ್ಕೆ ಹಿಡಿಯುತ್ತಿದ್ದ ಸಮಯ 2 ಗಂಟೆ 13 ನಿಮಿಷದಿಂದ 3 ನಿಮಿಷ 12 ಸೆಕೆಂಡಿಗೆ ಇಳಿಯಿತಂತೆ, ಖರ್ಚು ಶೇಕಡಾ 85ರಷ್ಟು ತಗ್ಗಿತಂತೆ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರಲ್ಲಿ ತನ್ನ ಯಂತ್ರ 700 ಜನರ ಕೆಲಸ ಮಾಡುತ್ತಿದೆ ಎಂದಿತು. ಮರುವರ್ಷವೇ ಸೇವೆಯ ಗುಣಮಟ್ಟ ಕುಸಿಯಿತೆಂದು ಅದರ ಮುಖ್ಯಸ್ಥರೇ ಒಪ್ಪಿ, ಮತ್ತೆ ಮನುಷ್ಯರನ್ನು ತೆಗೆದುಕೊಳ್ಳಲು ಹೊರಟರು. ಅವರಿಗೆ ನನ್ನ ಮನಃಪೂರ್ವಕ ನಮಸ್ಕಾರ.

ವಿಮಾನ ಕಂಪನಿ ಏರ್ ಕೆನಡಾದ ಪ್ರಕರಣ ತಮ್ಮ ಕಾನೂನು ವಿಭಾಗಕ್ಕೆ ತಿಳಿದೇ ಇರಬೇಕು. ಅಜ್ಜಿ ತೀರಿಕೊಂಡಾಗ ಪ್ರಯಾಣ ಮಾಡಬೇಕಾದ ಗ್ರಾಹಕರೊಬ್ಬರಿಗೆ ಆ ಕಂಪನಿಯ ಚಾಟ್‌ಬಾಟ್ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ವ್ಯಾಜ್ಯ ಬಂದಾಗ ಕಂಪನಿ, ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬರ್ಥದ ವಾದ ಹೂಡಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ, ಆ ಗ್ರಾಹಕರಿಗೆ ಹಣ ಕೊಡಿಸಿತು.

ಇನ್ನೊಂದು ಸಂಕಟವಿದೆ, ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಲಿ. ಉಣಕಲ್ಲಿಗೆ ಹತ್ತಿರದ ವಿದ್ಯಾನಗರದಲ್ಲಿ 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜು ಇದೆ, ಈಗ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲೂ ಸುತ್ತಲಿನ ಪದವಿ ಕಾಲೇಜುಗಳಲ್ಲೂ ಓದಿದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮೊದಲ ನೌಕರಿ ಎಂದರೆ ಫೋನ್ ಎತ್ತುವುದು, ಬಿಲ್ ತಾಳೆ ನೋಡುವುದು, ಡೇಟಾ ತುಂಬುವುದು. ಬೇಸರದ ಕೆಲಸ, ನಿಜ. ಆದರೆ ಸಿಟ್ಟಿಗೆದ್ದ ಗ್ರಾಹಕನನ್ನು ಸಮಾಧಾನ ಮಾಡುವುದನ್ನು, ಲೆಕ್ಕದಲ್ಲಿನ ತಪ್ಪು ಹಿಡಿಯುವುದನ್ನು ಅವರು ಕಲಿತದ್ದು ಆ ಕೆಲಸದಲ್ಲೇ. ಆ ಕೆಳಗಿನ ಮೆಟ್ಟಿಲನ್ನು ತೆಗೆದುಹಾಕಿ, ಸಂದರ್ಶನದಲ್ಲಿ ಎರಡು ವರ್ಷದ ಅನುಭವ ಕೇಳುತ್ತೀರಿ. ಆ ಅನುಭವ ಅವರು ಎಲ್ಲಿಂದ ತರಬೇಕು, ದಯಮಾಡಿ ತಿಳಿಸಿ.

ಯಂತ್ರ ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ರಸೀದಿ, ಬಾಕಿ, ದಿನಾಂಕ ಅದರ ಪಾಲಿಗಿರಲಿ. ತಪ್ಪಾಗಿದೆ ಎಂದು ಗ್ರಾಹಕ ಹೇಳಿದ ಕೂಡಲೇ ಕರೆ ಮನುಷ್ಯನಿಗೆ ಹೋಗಲಿ, ಆ ಮನುಷ್ಯನಿಗೆ ತಿದ್ದುವ ಅಧಿಕಾರವಿರಲಿ, ಗ್ರಾಹಕ ಒಪ್ಪದೆ ದೂರು ಮುಚ್ಚದಿರಲಿ. ಇದು ಭಿಕ್ಷೆಯೂ ಅಲ್ಲ. ಆನ್‌ಲೈನ್ ಮಾರಾಟದ ಕಂಪನಿಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಬೇಕು, 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ತಿಂಗಳೊಳಗೆ ಬಗೆಹರಿಸಬೇಕು ಎಂದು 2020ರ ಇ-ವಾಣಿಜ್ಯ ನಿಯಮಗಳೇ ಹೇಳುತ್ತವೆ. ಸಾಲ ಕೊಡುವವರೂ ವಿಮೆ ಮಾರುವವರೂ ಅಷ್ಟೇ ಸ್ಪಷ್ಟವಾಗಿ ಒಬ್ಬರ ಹೆಸರು ಮುಂದಿಡಲಿ.

ಅಲ್ಲಿಯವರೆಗೆ, ಈ ಪತ್ರ ಓದುತ್ತಿರುವ ನನ್ನ ಊರಿನವರೇ, ಯಂತ್ರ ದೂರು ಮುಚ್ಚಿತೆಂದು ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಕೊಡಬಹುದು.

ಇಂತಿ ತಮ್ಮ ವಿಧೇಯ,
ಉಣಕಲ್ಲಿನ ಒಬ್ಬ ಗ್ರಾಹಕ