ಬಾಗಿಲಿನ ಸಂದಿಯ ಶಾಸನ

ಅಮೆರಿಕದಲ್ಲಿ ನೆಲೆಸಿ, ಯೂಟಾ ರಾಜ್ಯದ ಮೋಆಬ್ ಬಂಡೆಗಳ ಮೇಲೆ ಸಕುಟುಂಬ ವಿಹರಿಸಬೇಕೆಂಬ ಅಭಿಲಾಷೆಯಿಂದ ಎಸ್‌ಯುವಿ ಕೊಂಡ ಕನ್ನಡಿಗ ಗೃಹಸ್ಥನು, ಮರುದಿನದಿಂದಲೇ ಅದಕ್ಕೆ ಉಕ್ಕಿನ ಬಂಪರು, ಕೆಸರಿನಿಂದೆಳೆಯುವ ವಿಂಚು, ನೆತ್ತಿಯ ಮೇಲೊಂದು ಡೇರೆ, ಹಿಂಬದಿಯಲ್ಲೊಂದು ಫ್ರಿಜ್ಜು ಎಂದು ಮದುಮಗಳಿಗೆ ಒಡವೆ ಹೇರುವಂತೆ ಹೇರತೊಡಗುತ್ತಾನೆ. ಜಾಹೀರಾತಿನಲ್ಲಿ ದಪ್ಪಕ್ಷರದಿಂದ ಮೆರೆಯುವುದು ಎಳೆಯುವ ಸಾಮರ್ಥ್ಯ; ಹೊರುವ ಸಾಮರ್ಥ್ಯವಾದರೋ ಚಾಲಕನ ಬಾಗಿಲಿನ ಸಂದಿಯಲ್ಲಿ, ಪುಟ್ಟ ಚೀಟಿಯೊಂದರ ಮೇಲೆ, ಪರಮ ವಿನಯದಿಂದ ಅಡಗಿರುತ್ತದೆ.

ತುಂಬಿದ ವಾಹನಕ್ಕೆ ತಯಾರಕರು ವಿಧಿಸಿದ ಗರಿಷ್ಠ ತೂಕದಲ್ಲಿ ವಾಹನದ ಸ್ವಂತ ತೂಕವನ್ನು ಕಳೆದರೆ ಉಳಿಯುವುದೇ ಆ ಅಂಕಿ. 500 ಕಿಲೋ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮನುಷ್ಯರೂ ಸೇರಿದ್ದಾರೆಂಬುದನ್ನು ಮರೆಯುವುದು ಗೃಹಸ್ಥನ ಸಹಜಧರ್ಮ. ಅಲ್ಲಿಯ ನಿಯಮವು ಆಸನಕ್ಕೊಬ್ಬರಂತೆ ತಲೆಗೆ 68 ಕಿಲೋ ಎಣಿಸುತ್ತದೆ. ಹಬ್ಬದೂಟ ಮುಗಿಸಿ ಬಂದ ನಮ್ಮ ಭಾವಂದಿರನ್ನು ಆ ನಿಯಮಕರ್ತರು ನೋಡಿರಲಾರರು! ಟ್ರೇಲರನ್ನು ಹಿಂದೆ ಕಟ್ಟಿದರಂತೂ, ಅದರ ತೂಕದಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 15ರಷ್ಟು ಭಾಗವು ಕೊಂಡಿಯ ಮೂಲಕ ಈ ಲೆಕ್ಕಕ್ಕೇ ಬಂದು ಕೂರುತ್ತದೆ. 40 ಲೀಟರು ನೀರೆಂದರೆ 40 ಕಿಲೋ. ಬಲವಾದ ಸ್ಪ್ರಿಂಗು ಹಾಕಿಸಿದ್ದೇನೆಂಬ ಸಮಾಧಾನವೂ ಸಲ್ಲದು: ಅದು ಬಗ್ಗಿದ ಬೆನ್ನನ್ನು ಎತ್ತೀತೇ ಹೊರತು, ಬ್ರೇಕು, ಆಕ್ಸಲು, ಟೈರುಗಳಿಗೆ ವಿಧಿಸಿದ ಮಿತಿಯನ್ನಲ್ಲ.

ಆದುದರಿಂದ ವಾಚಕ ಮಹಾಶಯರೇ, ಮುಂದಿನ ಅಲಂಕಾರಕ್ಕೆ ಹಣ ತೆರುವ ಮುನ್ನ, ಮಡದಿಮಕ್ಕಳು, ನೀರು, ಬುತ್ತಿಗಳ ಸಮೇತ, ಹೆದ್ದಾರಿಯ ಟ್ರಕ್ ತಂಗುದಾಣದ ವೇಬ್ರಿಡ್ಜಿನ ಮೇಲೆ ಒಮ್ಮೆ ಗಾಡಿಯನ್ನು ನಿಲ್ಲಿಸಿ ನೋಡಿರಿ.