ಶಿಲಾವಾದ: ಬಸವನಗುಡಿಯ ಬಂಡೆಯೂ ಮಹತ್ಸಾಹಿತ್ಯದ ಉತ್ಪತ್ತಿಯೂ

ಕಾವ್ಯದ ಆತ್ಮ ಯಾವುದೆಂದು ಆಲಂಕಾರಿಕರು ಶತಮಾನಗಟ್ಟಲೆ ಜಗಳವಾಡಿದರು. ವಾಮನ ರೀತಿ ಎಂದ. ಆನಂದವರ್ಧನ ಅಲ್ಲ, ಧ್ವನಿ ಎಂದ. ಕುಂತಕ ವಕ್ರೋಕ್ತಿಯ ಪಟ್ಟು ಬಿಡಲಿಲ್ಲ. ಮೂವರೂ ಕಾಶ್ಮೀರದವರು, ಒಬ್ಬರೂ ಬೆಂಗಳೂರಿನ ಬಸವನಗುಡಿಗೆ ಬಂದವರಲ್ಲ. ಎಡವಟ್ಟಾದದ್ದೇ ಅಲ್ಲಿ.

‘ಸೃಜನಶೀಲ ಬರವಣಿಗೆ’ ಪತ್ರಿಕೆಯ ವಿದ್ಯಾರ್ಥಿಯಾದ ಈ ಪ್ರಬಂಧಕಾರನಿಗೆ ಮೇಷ್ಟ್ರು ಒಂದು ಸಣ್ಣ ಕಥೆ ಬರೆದು ತರಲು ಹೇಳಿದ್ದರು. ಕಥೆಯನ್ನು ಯಾರು ಬೇಕಾದರೂ ಬರೆದಾರು. ಆದ್ದರಿಂದ ಸಕಲ ಕಥೆಗಳ ಮೂಲಕಾರಣವನ್ನೇ ಶೋಧಿಸಿ ತರಲಾಗಿದೆ. ಆ ಕಾರಣ ಬಂಡೆ. ಮಮ್ಮಟ ಹೇಳಿದ ಶಕ್ತಿ, ನಿಪುಣತೆ, ಅಭ್ಯಾಸಗಳ ಪೈಕಿ ಮೊದಲಿನೆರಡು ಬಂಡೆಯಲ್ಲೇ ಅಡಕವಾಗಿವೆ. ಅಭ್ಯಾಸವು ಆಯಾಸಕರವಾದ್ದರಿಂದ ಕೈಬಿಡಲಾಗಿದೆ.

ಇನ್ನು ಪ್ರಮಾಣಗಳು. ಟಿ.ಪಿ. ಕೈಲಾಸಂ ಲಂಡನ್ನಿಗೆ ಹೋಗಿ ಓದಿದ್ದು ನಾಟಕವನ್ನಲ್ಲ, ಭೂವಿಜ್ಞಾನವನ್ನು. ಬಂದು ಕೆಲಸಕ್ಕೆ ಸೇರಿದ್ದೂ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಗೇ. ಆಮೇಲೆ ಬರೆದ ನಾಟಕಕ್ಕೆ ‘ಟೊಳ್ಳುಗಟ್ಟಿ’ ಎಂದು ಹೆಸರಿಟ್ಟರು; ಸುತ್ತಿಗೆಯಲ್ಲಿ ಕಲ್ಲು ತಟ್ಟಿ ಕಿವಿಗೊಟ್ಟವನಿಗಲ್ಲದೆ ಇನ್ನಾರಿಗೆ ಅದು ಹೊಳೆದೀತು? ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. 1960ರಲ್ಲಿ ಬಂದ ಅವರ ಮೊದಲ ಸಂಕಲನ ‘ಮನಸು ಗಾಂಧಿಬಜಾರು’. ಆ ಬಜಾರಿನಿಂದ ನಾಲ್ಕು ಹೆಜ್ಜೆ ನಡೆದರೆ ಬ್ಯೂಗಲ್ ರಾಕ್. ಅಲ್ಲಿರುವುದು ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ. ಅದರ ಮುಂದೆ 9ನೇ ಶತಮಾನದ ಕವಿರಾಜಮಾರ್ಗ ಇನ್ನೂ ಶಾಯಿ ಆರದ ಕೃತಿ.

ಮಾಸ್ತಿ ಭೂವಿಜ್ಞಾನಿಯಲ್ಲ, ಸರ್ಕಾರಿ ಅಧಿಕಾರಿ ಎಂಬ ಆಕ್ಷೇಪ ಬರುತ್ತದೆಂದು ಗೊತ್ತು. ಆದರೆ ಮನೆ ಎಲ್ಲಿತ್ತು? ಗವಿಪುರದಲ್ಲಿ. ಅಲ್ಲಿ ಗಂಗಾಧರೇಶ್ವರನೇ ಬಂಡೆ ಕೊರೆದ ಗುಹೆಯೊಳಗೆ ವಾಸವಾಗಿದ್ದಾನೆ. 1983ರ ಜ್ಞಾನಪೀಠಕ್ಕೆ ಬೇರೆ ಕಾರಣ ಹುಡುಕುವುದು ವ್ಯರ್ಥ. ಡಿ.ವಿ.ಜಿ. 1945ರಲ್ಲಿ ಗೋಖಲೆ ಸಂಸ್ಥೆ ಕಟ್ಟಿದ್ದೂ ದೊಡ್ಡ ಬಸವಣ್ಣನ ಗುಡಿಯ ಆಸುಪಾಸಿನಲ್ಲೇ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ ವಾದಕ್ಕೆ ಸ್ವಲ್ಪ ತೊಂದರೆ ಕೊಡುತ್ತಾರೆ. ಇರಲಿ, ಬೇರು ಹಿಡಿದು ಕೆಳಗೆ ಹೋದರೆ ಸಿಗುವುದೂ ಬಂಡೆಯೇ.

ವಿಮರ್ಶೆಯ ಉಗಮವೂ ಇಲ್ಲೇ. ಆ ಗುಡಿಯ ಕಲ್ಲಿನ ಬಸವ ದಿನೇ ದಿನೇ ಬೆಳೆಯುತ್ತಿದ್ದನಂತೆ. ತಲೆಯ ಮೇಲೆ ತ್ರಿಶೂಲ ನೆಟ್ಟ ಮೇಲೆ ನಿಂತನಂತೆ. ಸಾವಿರ ಪುಟದ ಕಾದಂಬರಿಗಳಿಗೆ ಈ ಚಿಕಿತ್ಸೆ ಯಾಕೆ ನಡೆಯುತ್ತಿಲ್ಲವೋ ಕಾಣೆ.

ಚಾಮರಾಜಪೇಟೆಯ ಸಮತಟ್ಟಿನಲ್ಲಿ 1915ರ ಸಾಹಿತ್ಯ ಪರಿಷತ್ತು ಇದೆಯಲ್ಲ ಎಂದರೆ, ಅದು ಸಮ್ಮೇಳನ ನಡೆಸುವ ಸಂಸ್ಥೆ. ಶಾಮಿಯಾನದ ಗೂಟ ಇಳಿಯಲು ಮೆತ್ತನೆಯ ನೆಲವೇ ಬೇಕು. ಧಾರವಾಡದ ಬೇಂದ್ರೆಯವರ ಮಾತೆತ್ತುವವರು ತಾವಾಗಿಯೇ ಸೋಲುತ್ತಾರೆ: ಭೂವಿಜ್ಞಾನಿಗಳು ಒಂದಿಡೀ ಶಿಲಾಸಮೂಹಕ್ಕೆ ಆ ಊರಿನ ಹೆಸರನ್ನೇ ಇಟ್ಟಿದ್ದಾರೆ.

ಕಷ್ಟ ಕೊಟ್ಟವಳು ಮಲ್ಲೇಶ್ವರದ ಸಹಪಾಠಿ. “ನಮ್ಮ ಕಡೆ ಸಾಹಿತಿಗಳಿಲ್ವೇನೋ? ಬಂಡೆ ಎಲ್ಲಿದೆ ತೋರ್ಸು” ಎಂದಳು. 1898ರ ಪ್ಲೇಗಿನ ತರುವಾಯ ಎರಡೂ ಬಡಾವಣೆಗಳು ಅವಳಿಗಳಂತೆ ಹುಟ್ಟಿದವು, ಅಡಿಯಲ್ಲಿರುವುದೂ ಒಂದೇ ಶಿಲೆ ಎಂದು ವಿವರಿಸಿದೆ. “ಹಾಗಾದ್ರೆ ಎಲ್ಲರ ಮನೆ ಕೆಳಗೂ ಇದೆ. ನೀನ್ಯಾಕೆ ಒಂದು ಸಾಲೂ ಬರೆದಿಲ್ಲ?” ಎಂದಳು. ವೈಯಕ್ತಿಕ ಪ್ರಶ್ನೆಗಳು ಶಾಸ್ತ್ರದ ಪರಿಧಿಗೆ ಬರುವುದಿಲ್ಲ.

ಆದರೂ ಪ್ರಯೋಗ ನಡೆಸಲಾಯಿತು. ಒಂದು ಸಂಜೆ ಬ್ಯೂಗಲ್ ರಾಕ್ ಮೇಲೆ ನೋಟ್‌ಬುಕ್ ಹಿಡಿದು ಕುಳಿತಾಗ ಶಿಲೆಯಿಂದ ಪ್ರಬಂಧಕಾರನೊಳಕ್ಕೆ ಕಾವು ಹರಿದದ್ದು ಖಚಿತ. ಪ್ರತಿಭೆ ಹರಿಯಲಿಲ್ಲ. ದಪ್ಪ ಜೀನ್ಸ್ ಅಡ್ಡ ಬಂದಿರಬೇಕು, ಮಾಸ್ತಿ, ಡಿ.ವಿ.ಜಿ. ಪೀಳಿಗೆ ಪಂಚೆ ಉಡುತ್ತಿತ್ತೆಂಬುದನ್ನು ಸಾಹಿತ್ಯ ಚರಿತ್ರೆಕಾರರು ಯಾಕೋ ಗಣನೆಗೆ ತೆಗೆದುಕೊಂಡಿಲ್ಲ.

ಮುಂದಿನ ಸಂಶೋಧನೆಯ ದಿಕ್ಕು ಸ್ಪಷ್ಟವಾಗಿದೆ. 2017ರಲ್ಲಿ ಮೊದಲ ಹಂತ ಪೂರ್ತಿ ಓಡಲಾರಂಭಿಸಿದ ಮೆಟ್ರೊ ಹಸಿರು ಮಾರ್ಗಕ್ಕಾಗಿ ಮಲ್ಲೇಶ್ವರಕ್ಕೂ ಬಸವನಗುಡಿಗೂ ನಡುವೆ ನೆಲದಡಿಯ ಬಂಡೆ ಕೊರೆದು, ಪುಡಿಯನ್ನು ಲಾರಿಗಳಲ್ಲಿ ಸಾಗಿಸಿದರು. ಅದನ್ನು ಎಲ್ಲಿ ಸುರಿದರೋ ಅಲ್ಲಿಂದಲೇ ಕನ್ನಡದ ಒಂಬತ್ತನೇ ಜ್ಞಾನಪೀಠ ಬರತಕ್ಕದ್ದು. ಜಾಗ ಪತ್ತೆಯಾದ ಕೂಡಲೇ ಪಿ.ಜಿ. ವಸತಿ ಬದಲಾಯಿಸಿ, ಪಂಚೆಯುಟ್ಟು, ಕಥೆಯನ್ನು ಅಲ್ಲಿಂದಲೇ ಕಳುಹಿಸಿಕೊಡಲಾಗುವುದು. ಅಲ್ಲಿಯವರೆಗೆ ಗಡುವು ವಿಸ್ತರಿಸಬೇಕೆಂದೂ ಲಾರಿ ಖರ್ಚನ್ನು ವಿಭಾಗವೇ ಭರಿಸಬೇಕೆಂದೂ ಮೇಷ್ಟ್ರಲ್ಲಿ ವಿನಂತಿ.